ಮೊದಲು ಕತ್ತರಿ

ಇಪ್ಪತ್ತೆಂಟು ವರ್ಷ ಹಡಗು ಕಟ್ಟಿದವನು ನಾನು,
ಬ್ರೇಮರ್‌ಹಾಫನ್ನಿನ ಧಕ್ಕೆಯಲ್ಲಿ.
ತೋಳಿನಷ್ಟು ದಪ್ಪದ ಹಗ್ಗ, ಕಬ್ಬಿಣದ ಗೂಟ,
ವೇಸರ್ ನದಿಯ ಬಾಯಿಂದ ಬೀಸುವ ಉಪ್ಪುಗಾಳಿ.
ಬಿಗಿಯಾಯಿತೇ ಎಂದು ಯಾವ ಹಡಗನ್ನೂ
ಒಮ್ಮೆಯೂ ಕೇಳಿದವನಲ್ಲ.

ಮನೆಯಲ್ಲೂ ಅಷ್ಟೇ.
ಕಟ್ಟಿಕೊಂಡವಳು ವೀಬ್ಕೆ. ಮೂವತ್ತೊಂದು ವರ್ಷದ ಗಂಟು
ಸಡಿಲವೋ ಬಿಗಿಯೋ
ಬೆರಳಿಟ್ಟು ನೋಡಿರಲಿಲ್ಲ.

ನವೆಂಬರಿನ ಒಂದು ರಾತ್ರಿ, ತಟ್ಟೆ ಒರೆಸುತ್ತ,
ನನ್ನ ಕಡೆ ನೋಡದೆ ಅಂದಳು:
"ಒಂದು ಆಸೆಯಿದೆ ಓನೋ, ಹಗ್ಗದ್ದು. ನಗಬೇಡ."
ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.
ನಗಲಿಲ್ಲ. ಐವತ್ತೇಳಕ್ಕೂ ಕಿವಿ ಕೆಂಪಾಗುತ್ತದೆಂದು
ಅವತ್ತೇ ಗೊತ್ತಾದದ್ದು.

ಶನಿವಾರ ರೈಲು ಹತ್ತಿ ಬ್ರೇಮನ್ನಿಗೆ ಹೋದೆವು.
ಊರಲ್ಲೇ ಕೊಂಡರೆ ಸೋಮವಾರ ಧಕ್ಕೆಗೆಲ್ಲ ಡಂಗುರ.
ಸೈಕಲ್ ರಿಪೇರಿಯ ಹಿಂದೆ ಪುಟ್ಟ ಅಂಗಡಿ.
ಒಡತಿ ಶ್ರೀಮತಿ ಟ್ಯಾರ್ಕ್ಸ್,
ಕೊರಳಲ್ಲಿ ತೂಗುವ ಕನ್ನಡಕ, ಮೊಣಕೈಗೆ ತೇಪೆ ಹಾಕಿದ ಸ್ವೆಟರು,
ಥೇಟು ನಮ್ಮ ಬೀದಿಯ ಔಷಧಿ ಅಂಗಡಿಯವಳೇ.

ಗೋಡೆಯ ತುಂಬ ಚರ್ಮ, ಬಕಲು, ಸರಪಳಿ.
ನಾನು ಆಗಲೇ ಬಾಗಿಲ ಕಡೆ ಹೊರಳಿದ್ದೆ.
"ಅವೆಲ್ಲ ಅಲ್ಲೇ ಇರಲಿ, ಓಡಿಹೋಗುವುದಿಲ್ಲ" ಅಂದು
ಮೇಜಿನ ಮೇಲೆ ಅವಳು ಮೊದಲು ಇಟ್ಟದ್ದು ಕತ್ತರಿ.
ಮೂತಿ ಮೊಂಡಾದ, ಮೈಗೆ ತಾಗಿದರೂ ಗೀರದ,
ಆಂಬುಲೆನ್ಸಿನವರ ಕತ್ತರಿ.
"ಬಿಡಿಸಲು ಬಾರದವರಿಗೆ
ಕಟ್ಟುವುದನ್ನು ನಾನು ಮಾರುವುದಿಲ್ಲ."

ಆಮೇಲೆ ಹತ್ತಿಯ ಹಗ್ಗ, ಎಂಟು ಮೀಟರಿನವು ಎರಡು,
ಹಳೆಯ ಪಂಚೆಯಷ್ಟು ಮೆತ್ತಗೆ.
ಕಣ್ಣಿಗೊಂದು ಪಟ್ಟಿ, ಒಳಗೆ ಮಕಮಲ್ಲು.
ಅಂಗೈಯಲ್ಲಿ ಹಿಡಿಯಲು ಚಿಕ್ಕ ಗಂಟೆ,
ಮಾತು ಹೊರಡದಾಗ ಕೆಳಗೆ ಬೀಳಿಸಲು.
ಗಂಟಿಗೊಂದು ಗಂಟೆ! ನಕ್ಕದ್ದು ನಾನೊಬ್ಬನೇ.
"ಹಗ್ಗದಡಿ ಎರಡು ಬೆರಳು ನುಸುಳಬೇಕು.
ಕೊರಳ ತಂಟೆ ಎಂದೂ ಬೇಡ.
ಕೈ ಜೋಮು ಹಿಡಿದರೆ ಕತ್ತರಿಸಿ, ಹಗ್ಗದ ಮುಖ ನೋಡಬೇಡಿ.
ಕಟ್ಟಿದವರನ್ನು ಬಿಟ್ಟು ಹೊಸ್ತಿಲು ದಾಟಬೇಡಿ."

ಕೊನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ: ಒಂದು ಪದ.
ಹಾಸಿಗೆಯಲ್ಲಿ ಎಂದೂ ಬಾರದ ಪದ, ಬಂದೊಡನೆ ಎಲ್ಲ ನಿಲ್ಲಬೇಕು.
ವಾಪಸು ರೈಲಿನಲ್ಲಿ ಅದಕ್ಕೇ ಜಗಳ.
"ಕ್ರೇನು" ಅಂದೆ. "ನಿದ್ದೆಯಲ್ಲೂ ಅದನ್ನೇ ಕನವರಿಸುತ್ತೀಯ."
"ನಿನ್ನ ಅಕ್ಕನ ಹೆಸರು?"
ಎದುರು ಸೀಟಿನ ಮುದುಕ ಪತ್ರಿಕೆ ಇಳಿಸಿ ನೋಡಿದ.
ಸಂತೆಚೀಲದಿಂದ ಎಲೆ ಚಾಚಿತ್ತು ಒಂದು ಕಟ್ಟು.
ಮೂಲಂಗಿ, ಅಂದಳು ವೀಬ್ಕೆ. ಮೂಲಂಗಿ, ಅಂದೆ.

ರಾತ್ರಿ ಪರದೆ ಎಳೆದು ಹೀಟರು ಏರಿಸಿದೆವು.
ಹಗ್ಗ ಮುಟ್ಟಿದ್ದೇ ತಡ, ಬೆರಳು ತಾವೇ ಕುಣಿಕೆ ಹೆಣೆದವು.
ಅವಳು ಅದನ್ನು ಮೆಲ್ಲಗೆ ನನ್ನಿಂದ ತೆಗೆದುಕೊಂಡಳು.
"ನನ್ನ ಆಸೆ ನೀನು ಪೂರ್ತಿ ಕೇಳಲೇ ಇಲ್ಲ ಓನೋ.
ಕೈ ನಿನ್ನದು. ಕೊಡುತ್ತೀಯಾ?"

ತಡವಾಯಿತು. ಅವಳು ಕಾದಳು.
"ಹೂಂ" ಅಂದೆ. "ಹೂಂ ಅಂದರೆ?"
"ಹೌದು. ಕೊಡುತ್ತೇನೆ."

ಬೂಟಿನ ಲೇಸಿಗೆ ಹಾಕುವ ಗಂಟು, ಅದೂ ಸೊಟ್ಟ.
ತಿದ್ದಬೇಕೆಂದು ನಾಲಗೆ ತುರಿಸಿತು, ಕಚ್ಚಿಕೊಂಡೆ.
ಅವಳ ಎರಡು ಬೆರಳು ಹಗ್ಗದಡಿ ನುಸುಳಿದವು.
"ಬಿಗಿಯೇ?"
ಯಾರೂ ನನ್ನನ್ನು ಕೇಳಿರಲಿಲ್ಲ ಹೀಗೆ.

ಮಾಡಲು ಕೆಲಸವಿಲ್ಲದೆ ಮಲಗಿದ ಕೈಗಳನ್ನು ನೋಡಿದೆ.
ದೂರದಲ್ಲಿ ಹಡಗೊಂದು ಕೂಗಿತು, ಹೋಗಿ ಕಟ್ಟಲು ನಾನಿಲ್ಲ.
ಎದೆಯೊಳಗೆ ಏನೋ ಕಳಚಿ ಉರುಳಿತು.
ಹೆದರಿಕೆಯೋ, ಹೆದರಿಕೆ ಬಿಟ್ಟದ್ದೋ.
"ಮೂಲಂಗಿ."

ಯಾಕೆಂದು ಕೇಳಲಿಲ್ಲ, ಗಂಟನ್ನೂ ಹುಡುಕಲಿಲ್ಲ.
ಹೊಚ್ಚಹೊಸ ಹಗ್ಗ, ಹದಿನಾಲ್ಕು ಯೂರೋ,
ಕಚ್ ಎಂದಿತು.
"ಎಳೆದಿದ್ದರೆ ಬಿಚ್ಚುತ್ತಿತ್ತಲ್ಲೇ" ಅಂದೆ.
ಅವಳು ನನ್ನ ಮಣಿಕಟ್ಟು ತಿಕ್ಕುತ್ತಿದ್ದಳು,
ಕಂಬಳಿ ಹೊದಿಸಿ ಚಹಾಕ್ಕೆ ನೀರಿಟ್ಟಳು, ಬಾಗಿಲು ತೆರೆದೇ ಇಟ್ಟು.

ಮುಂದಿನ ಶನಿವಾರ ಮತ್ತೆ ಕೇಳುತ್ತಾಳಂತೆ.
ಕೇಳಲಿ.

ಇವತ್ತು ಭಾನುವಾರ. ಬ್ರೆಡ್ಡು, ಬೆಣ್ಣೆ, ಉಪ್ಪು,
ತಟ್ಟೆಯಲ್ಲಿ ಹೆಚ್ಚಿಟ್ಟ ಕೆಂಪು ಬಿಲ್ಲೆಗಳು.
"ಅದನ್ನು ಇತ್ತ ಕೊಡು" ಅನ್ನುತ್ತೇನೆ.
"ಯಾವುದನ್ನು?" ಅನ್ನುತ್ತಾಳೆ.